ಉಂಗುರದ ಅಂಚು

ಜಪಾನಿನ ಕಾಮಿಯೋಕಾ ಗಣಿಯಲ್ಲಿ, ಬೆಟ್ಟದ ತುದಿಯಿಂದ 1,000 ಮೀಟರ್ ಕೆಳಗೆ, 50,000 ಟನ್ ತಿಳಿನೀರು ತುಂಬಿದ ಬೃಹತ್ ತೊಟ್ಟಿಯೊಂದಿದೆ. ಹೆಸರು ಸೂಪರ್ ಕಾಮಿಯೋಕಾಂಡೆ. ಅದರ ಒಳಗೋಡೆಯ ತುಂಬ ಅರ್ಧ ಮೀಟರ್ ಅಗಲದ ಗಾಜಿನ ಬುರುಡೆಗಳು, 11,000ಕ್ಕೂ ಹೆಚ್ಚು. ಬೆಳಕಿನ ಸಣ್ಣ ಕಣವೂ ಅವುಗಳ ಗಮನಕ್ಕೆ ಬರುತ್ತದೆ.

ಈ ತೊಟ್ಟಿ ಹುಡುಕುವ ನ್ಯೂಟ್ರಿನೊ ಎಂಬ ಕಣ ಮಾತ್ರ ಎಂದೂ ನೇರವಾಗಿ ಕಾಣಿಸುವುದಿಲ್ಲ. ಬಹುಪಾಲು ನ್ಯೂಟ್ರಿನೊಗಳು ಏನನ್ನೂ ಮುಟ್ಟದೆ ಭೂಮಿಯನ್ನೇ ತೂರಿ ಹೋಗುತ್ತವೆ. ಅಪರೂಪಕ್ಕೊಂದು ನೀರಿನ ಪರಮಾಣುವಿಗೆ ತಾಗಿದಾಗ ಅಲ್ಲಿ ನ್ಯೂಟ್ರಿನೊದ ಜಾತಿಗೆ ತಕ್ಕಂತೆ ಮ್ಯೂಯಾನ್ ಇಲ್ಲವೇ ಎಲೆಕ್ಟ್ರಾನ್ ಚಿಮ್ಮುತ್ತದೆ. ನೀರಿನಲ್ಲಿ ಬೆಳಕಿನ ವೇಗ ತಗ್ಗುತ್ತದೆ; ಆ ವೇಗವನ್ನು ಮೀರಿ ಓಡುವ ಕಣ ತನ್ನ ಸುತ್ತ ಸುಮಾರು 42 ಡಿಗ್ರಿ ಕೋನದಲ್ಲಿ ಚೆರೆಂಕೋವ್ ಬೆಳಕನ್ನು ಚೆಲ್ಲುತ್ತದೆ. ಆ ಬೆಳಕು ಗೋಡೆ ಮುಟ್ಟಿದಾಗ ಉಂಗುರ ಮೂಡುತ್ತದೆ.

ಈ ಉಂಗುರಗಳ ಚಿತ್ರಗಳನ್ನು ಎಷ್ಟು ನೋಡಿದರೂ ನನಗೆ ದಣಿವಿಲ್ಲ. ಸೊಗಸಿರುವುದು ಅಂಚಿನಲ್ಲಿ. ಮ್ಯೂಯಾನ್ ಎಲೆಕ್ಟ್ರಾನಿಗಿಂತ ಸುಮಾರು 207 ಪಟ್ಟು ಭಾರ. ಅದು ಅತ್ತಿತ್ತ ವಾಲದೆ ನೆಟ್ಟಗೆ ಸಾಗುವುದರಿಂದ ಉಂಗುರದ ಹೊರ ಅಂಚು ಖಚಿತವಾಗಿರುತ್ತದೆ. ಹಗುರ ಎಲೆಕ್ಟ್ರಾನಿನ ನಡೆಯೇ ಬೇರೆ: ಗಾಮಾ ಕಿರಣ, ಅದರಿಂದ ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿ, ಮತ್ತೆ ಗಾಮಾ ಕಿರಣ ಎಂದು ಸಂತಾನ ಬೆಳೆಯುತ್ತದೆ. ಒಂದೊಂದು ಮರಿಕಣವೂ ತನ್ನ ಉಂಗುರವನ್ನು ಬರೆದು, ಒಂದರ ಮೇಲೊಂದು ಬಿದ್ದು, ಅಂಚು ತೇವದ ಕಾಗದಕ್ಕೆ ಬಿದ್ದ ಶಾಯಿಯಂತೆ ಹರಡುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ನೀರಿನಲ್ಲೇ ನಿಂತುಹೋದ ಮ್ಯೂಯಾನ್ ಸಾಮಾನ್ಯವಾಗಿ 2 ಮೈಕ್ರೋಸೆಕೆಂಡಿನ ಆಸುಪಾಸಿನಲ್ಲಿ ಅಳಿದು ಎಲೆಕ್ಟ್ರಾನನ್ನು ಹೆರುತ್ತದೆ. ಗೋಡೆಯ ಮೇಲೆ ಎರಡನೆಯ, ಮಂದ ಬೆಳಕು ಬೀಳುತ್ತದೆ.

ಬೆಳಕಿನ ಪ್ರಮಾಣದಿಂದ ಕಣದ ಶಕ್ತಿ, ಬೆಳಕು ತಲುಪಿದ ನ್ಯಾನೋಸೆಕೆಂಡುಗಳ ಅಂತರದಿಂದ ಕಣ ಹುಟ್ಟಿದ ಜಾಗ, ಉಂಗುರ ಬಿದ್ದ ಕಡೆಯಿಂದ ಸಾಗಿದ ದಿಕ್ಕು ತಿಳಿಯುತ್ತದೆ. ಹಾಗೆ ಅಳೆದು ಎಣಿಸಿದಾಗ, ಭೂಮಿಯನ್ನು ಹಾದು ಕೆಳಗಿನಿಂದ ಬಂದ ಮ್ಯೂಯಾನ್ ನ್ಯೂಟ್ರಿನೊಗಳು ಮೇಲಿನಿಂದ ಬಂದವುಗಳ ಸುಮಾರು ಅರ್ಧದಷ್ಟೇ ಇದ್ದವು. ದಾರಿಯಲ್ಲಿ ಅವು ಜಾತಿ ಬದಲಿಸುತ್ತವೆ, ಹಾಗಾಗಿ ಅವಕ್ಕೆ ದ್ರವ್ಯರಾಶಿ ಇರಲೇಬೇಕು. 1998ರಲ್ಲಿ ಇದನ್ನು ಸಾರಿದ ತಕಾಕಿ ಕಜಿತಾ 2015ರ ನೊಬೆಲ್ ಹಂಚಿಕೊಂಡರು. ವಾಯುಮಂಡಲದಲ್ಲಿ ಹುಟ್ಟುವ ಇದೇ ನ್ಯೂಟ್ರಿನೊಗಳ ಗುರುತು ಮೊದಲು ಸಿಕ್ಕಿದ್ದು 1965ರಲ್ಲಿ, ನಮ್ಮ ಕೋಲಾರದ ಮತ್ತು ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ.

ಈ ಚಿತ್ರಗಳು ಕಣ್ಣಿಗೆ ಬಿದ್ದರೆ ಬಣ್ಣಕ್ಕೆ ಮರುಳಾಗಬೇಡಿ, ಅಂಚನ್ನು ನೋಡಿ. ಬಣ್ಣ ಕಂಪ್ಯೂಟರ್ ತುಂಬಿದ್ದು. ಅಂಚು ಕಣವೇ ಬರೆದದ್ದು.