ಅರ್ಥಶಾಸ್ತ್ರದಲ್ಲಿ ಅಧಿಕಾರಿಗಳ ಅನಿತ್ಯತ್ವ

ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಲ್ಲಿ ಅರ್ಥಶಾಸ್ತ್ರವನ್ನು ಪ್ರಕಟಿಸಿದಂದಿನಿಂದ, ಕೌಟಿಲ್ಯನು ಯಾರನ್ನೂ ನಂಬದವನೆಂಬ ಮಾತು ಅನೇಕರಲ್ಲಿ ರೂಢವಾಗಿದೆ. ಇದಕ್ಕೆ ಆಧಾರವಾಗಿ ಎರಡನೆಯ ಅಧಿಕರಣದ ಒಂಬತ್ತನೆಯ ಅಧ್ಯಾಯವನ್ನು ತೋರಿಸುವರು. ಪ್ರತಿಯೊಂದು ಇಲಾಖೆಗೂ ಅನೇಕ ಮುಖ್ಯರಿರಬೇಕು, ಅವರು ಅನಿತ್ಯರಾಗಿರಬೇಕು, ಎಂದರೆ ಒಂದೇ ಸ್ಥಾನದಲ್ಲಿ ಬೇರೂರಬಾರದು, ಎಂದು ಅಲ್ಲಿ ವಿಧಿಸಿದೆ. ಅಧಿಕಾರಿಗಳು ಒಂದಾದರೆ ದ್ರವ್ಯವನ್ನು ನುಂಗುವರು, ಕಲಹವಾಡಿದರೆ ಕಾರ್ಯವನ್ನು ಕೆಡಿಸುವರು ಎಂಬ ಶಂಕೆಯೂ ಅಲ್ಲಿಯೇ ಉಂಟು.

ಆದರೆ ಅಧ್ಯಾಯವನ್ನು ಕಡೆಯವರೆಗೂ ಓದತಕ್ಕುದು. ದ್ರವ್ಯವನ್ನು ಭಕ್ಷಿಸದೆ ನ್ಯಾಯದಿಂದ ವೃದ್ಧಿಪಡಿಸುವವರನ್ನು ನಿತ್ಯಾಧಿಕಾರಿಗಳನ್ನಾಗಿ ಮಾಡಬೇಕೆಂದು ಗ್ರಂಥಕಾರನೇ ಮುಗಿಸಿರುವನು. ಇದನ್ನು ಪೂರ್ವಾಪರವಿರೋಧವೆನ್ನುವವರು ಉತ್ಸರ್ಗಾಪವಾದನ್ಯಾಯವನ್ನು ಮರೆತಿರುವರು. ಅನಿತ್ಯತ್ವವು ಸಾಮಾನ್ಯವಿಧಿ, ಪರೀಕ್ಷಿತನಾದವನಿಗೆ ಸ್ಥೈರ್ಯವು ಅಪವಾದ.

ಅಧಿಕಾರಿಯು ಬದಲಾದರೂ ಕಾರ್ಯವು ಕೆಡದಿರುವುದೆಂತು? ಇದಕ್ಕೆ ಸಮಾಧಾನವು ಏಳನೆಯ ಅಧ್ಯಾಯದಲ್ಲಿದೆ. ಅಕ್ಷಪಟಲವೆಂಬ ಲೆಕ್ಕದ ಕಛೇರಿಯಲ್ಲಿ ನಿಬಂಧಪುಸ್ತಕಗಳಿಗೆ ಸ್ಥಾನವನ್ನು ಕಲ್ಪಿಸಿ, ಆಯವ್ಯಯ, ವೇತನ, ಆಯಾ ದೇಶಗ್ರಾಮಗಳ ಧರ್ಮವ್ಯವಹಾರಗಳು ಇವೆಲ್ಲವನ್ನೂ ಬರೆದಿಡಬೇಕೆನ್ನುವನು. ಇಲಾಖೆಯ ಜ್ಞಾಪಕವು ಪುಸ್ತಕದಲ್ಲಿ ನೆಲಸಿದರೆ ಪುರುಷನು ಬದಲಾಗಬಹುದು. ನಾನು ಕಂಡ ಒಂದು ಪಾಠಶಾಲೆಯಲ್ಲಿ ಮುಖ್ಯೋಪಾಧ್ಯಾಯರು ಬದಲಾದೊಡನೆ ಪುಸ್ತಕಭಂಡಾರದ ಪಟ್ಟಿಯೇ ಕಾಣೆಯಾಯಿತು. ಅಲ್ಲಿ ಕೌಟಿಲ್ಯನ ಅರ್ಧವನ್ನು ಮಾತ್ರ ಅನುಸರಿಸಿದ್ದರು.

ಗ್ರಂಥವು ನಿರ್ದೋಷವೆಂದು ನನ್ನ ಅಭಿಪ್ರಾಯವಲ್ಲ. ನಿತ್ಯಾಧಿಕಾರಕ್ಕೆ ಅರ್ಹನಾದವನು ರಾಜನ ಪ್ರಿಯ ಹಿತ ಎರಡರಲ್ಲಿಯೂ ನಿರತನಾಗಿರಬೇಕಂತೆ. ಈ ಎರಡನ್ನೂ ಒಂದೇ ಸಮಾಸದಲ್ಲಿ ಕಟ್ಟುವುದು ವೈಯಾಕರಣನಿಗೆ ಸುಲಭ. ಹಿತವೇ ಅಪ್ರಿಯವಾದಾಗ ಅದನ್ನು ನುಡಿದ ಅಧಿಕಾರಿಯ ಸ್ಥಾನವು ಉಳಿಯುವುದೋ ಇಲ್ಲವೋ ಎಂಬುದನ್ನು ಈ ಅಧ್ಯಾಯವು ಹೇಳುವುದಿಲ್ಲ.