ವಜ್ರದೊಳಗಿನ ಕೆಂಪು ಕಣ

ಬೆಂಗಳೂರಿನ ಮರ್ಫಿ ಟೌನಿನಲ್ಲಿ ಕೊಳವೆಬಾವಿ ಕೊರೆಯುವಾಗ ಮೇಲ್ಮಣ್ಣಿನ ಕೆಳಗೆ ತಾಗುವ ಬಂಡೆಯು, ಲಾಲ್‌ಬಾಗಿನ ಗುಡ್ಡದಲ್ಲಿ ಬಯಲಿಗೆ ಕಾಣುವ ಸುಮಾರು 300 ಕೋಟಿ ವರ್ಷ ಪ್ರಾಯದ ನೈಸ್ ಶಿಲೆಯ ಬಳಗಕ್ಕೆ ಸೇರಿದ್ದು, ಇಂತಹ ಪುರಾತನ ಶಿಲೆಗಳಿಂದ ಕೂಡಿ ಕದಲದೆ ಉಳಿದ ಭೂಖಂಡದ ತಿರುಳಿಗೆ ಭೂವಿಜ್ಞಾನಿಗಳು ಕ್ರೇಟಾನ್ ಎನ್ನುತ್ತಾರೆ. ಧಾರವಾಡ ಕ್ರೇಟಾನ್ ಎಂಬ ಇದೇ ನೆಲೆಗಟ್ಟಿನ ಮೇಲೆ, ಗುಂತಕಲ್ಲಿನ ಸಮೀಪ, ಅನಂತಪುರ ಜಿಲ್ಲೆಯ ವಜ್ರಕರೂರು ಇದೆ. ಅಲ್ಲಿನ ಹೊಲಗಳಲ್ಲಿ ಮುಂಗಾರಿನ ಮಳೆ ಬಿದ್ದೊಡನೆ ಜನರು ಇಂದಿಗೂ ನೆಲಕ್ಕೆ ಕಣ್ಣಿಟ್ಟು ವಜ್ರದ ಹರಳು ಹುಡುಕುತ್ತಾರೆ.

ಕ್ರೇಟಾನಿನ ಬೇರು ಆಳವಾದದ್ದು ಮಾತ್ರವಲ್ಲ, ಸುತ್ತಲಿನ ಮ್ಯಾಂಟಲಿಗಿಂತ, ಅಂದರೆ ಭೂಮಿಯ ತೊಗಟೆಯ ಕೆಳಗಿನ ದಪ್ಪ ಶಿಲಾಪದರಕ್ಕಿಂತ, ತಂಪಾದದ್ದು. ಶಾಖ ಹೆಚ್ಚಿದಷ್ಟೂ ಇಂಗಾಲವು ವಜ್ರರೂಪದಲ್ಲಿ ನಿಲ್ಲಲು ಇನ್ನಷ್ಟು ಒತ್ತಡ ಬೇಕಾಗುವುದರಿಂದ ಈ ತಂಪೇ ನಿರ್ಣಾಯಕವಾಗುತ್ತದೆ: 150ರಿಂದ 200 ಕಿಲೋಮೀಟರ್ ಆಳದಲ್ಲಿ, 900ರಿಂದ 1300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ವಾಯುಮಂಡಲದ ಒತ್ತಡದ ಸುಮಾರು 50,000 ಪಟ್ಟು ಭಾರದಡಿ, ಇಂಗಾಲ ಬೆರೆತ ದ್ರವಗಳು ಶಿಲೆಯ ಸಂದುಗಳಲ್ಲಿ ಹರಿದು ಅದರೊಡನೆ ವರ್ತಿಸಿದಾಗ ಇಂಗಾಲವು ಬೇರ್ಪಟ್ಟು ಹರಳುಗಟ್ಟುತ್ತದೆ. ಕಲ್ಲಿದ್ದಲೇ ಕಾಲಕ್ರಮದಲ್ಲಿ ವಜ್ರವಾಗುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಬಹುಪಾಲು ವಜ್ರಗಳು 100 ಕೋಟಿ ವರ್ಷಕ್ಕೂ ಹಳೆಯವಾದರೆ, ಕಲ್ಲಿದ್ದಲಿಗೆ ಮೂಲವಾದ ನೆಲದ ಸಸ್ಯಗಳು ತಲೆಯೆತ್ತಿದ್ದು ಕಳೆದ 50 ಕೋಟಿ ವರ್ಷಗಳಲ್ಲಿ.

ಆಳದ ಹರಳನ್ನು ಮೇಲಕ್ಕೆ ತರುವುದು ಕಿಂಬರ್ಲೈಟ್ ಎಂಬ ಶಿಲಾಪಾಕ. ಅನಿಲಭರಿತವಾದ ಈ ಪಾಕವು ಕೆಲವು ಗಂಟೆಗಳಿಂದ ಕೆಲವು ದಿನಗಳೊಳಗೆ ಭೂಮಿಯನ್ನು ಸೀಳಿ ಮೇಲೇರುತ್ತದೆ. ನಿಧಾನಿಸಿದರೆ ವಜ್ರವು ದಾರಿಯಲ್ಲೇ ಗ್ರಾಫೈಟಾಗಿ ಕೆಡಬಹುದು ಅಥವಾ ಪಾಕದಲ್ಲಿ ಕರಗಿಹೋಗಬಹುದು. ವಜ್ರಕರೂರಿನಲ್ಲಿ ಇಂತಹ ಪಾಕ ಮೇಲೇರಿದ್ದು ಸುಮಾರು 110 ಕೋಟಿ ವರ್ಷಗಳ ಹಿಂದೆ.

ಕಮರ್ಷಿಯಲ್ ಸ್ಟ್ರೀಟಿನ ಆಭರಣದಂಗಡಿಗಳಲ್ಲಿ ಹರಳಿನೊಳಗಿನ ಕಣವೆಂದರೆ ದೋಷ, ಅದಕ್ಕೆ ಬೆಲೆ ಇಳಿಯುತ್ತದೆ. ಬಲ್ಲವರ ಕಣ್ಣಿಗೆ ಅಂತಹ ಕಣವೇ ವಜ್ರದ ಅತ್ಯಮೂಲ್ಯ ಭಾಗ, ಏಕೆಂದರೆ ಶುದ್ಧ ಇಂಗಾಲದಿಂದ ವಜ್ರದ ವಯಸ್ಸು ತಿಳಿಯಲಾಗದು; ಹರಳು ಬೆಳೆಯುವಾಗ ಒಳಗೆ ಸಿಕ್ಕಿಬಿದ್ದ ಗಾರ್ನೆಟ್ ಎಂಬ ಕೆಂಪು ಖನಿಜದಲ್ಲಿನ ವಿಕಿರಣಶೀಲ ಧಾತುಗಳಿಂದ ಅದನ್ನು ಎಣಿಸಬಹುದು. 1984ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಂತಹ ಕಣಗಳನ್ನೇ ಅಳೆದು, ದಕ್ಷಿಣ ಆಫ್ರಿಕಾದ ಕಿಂಬರ್ಲಿಯ ವಜ್ರಗಳಿಗೆ 320 ಕೋಟಿ ವರ್ಷಕ್ಕೂ ಹೆಚ್ಚಿನ ವಯಸ್ಸನ್ನು ಅಂದಾಜಿಸಿತು. ಅವನ್ನು ಹೊತ್ತು ತಂದ ಕಿಂಬರ್ಲೈಟಿಗೆ 10 ಕೋಟಿ ವರ್ಷವೂ ಆಗಿಲ್ಲ. ಕಣವಿರುವ ಹರಳನ್ನು ಕೊಳ್ಳುವವರು ಅದನ್ನು ಹತ್ತು ಪಟ್ಟು ಹಿಗ್ಗಿಸುವ ಮಸೂರದಡಿ ನೋಡಿ, ಬಣ್ಣವನ್ನು ಗುರುತಿಸಿಕೊಳ್ಳುವುದು ಒಳಿತು: ನೇರಳೆಗೆಂಪಾದರೆ ಅದು ಮ್ಯಾಂಟಲಿನ ಮೂಲಶಿಲೆಯಾದ ಪೆರಿಡೊಟೈಟಿನ ಗಾರ್ನೆಟ್ ಇರಬಹುದು, ಕಿತ್ತಳೆಯಾದರೆ ಆಳಕ್ಕಿಳಿದು ರೂಪಾಂತರಗೊಂಡ ಹಳೆಯ ಸಾಗರತಳದ ಶಿಲೆಯದ್ದಿರಬಹುದು.