ಬಂಡೆಬಿರುಕಿನ ಹೂವು, ಹಾಳೆಯ ಮೂಲೆಯ ಚೀಟಿ

ಒಣಗಿಸಿದ ಗಿಡವನ್ನು ಅಂಟಿಸಿಟ್ಟ ಹರ್ಬೇರಿಯಂ ಹಾಳೆ ಕೈಗೆ ಬಂದರೆ ನಾನು ಮೊದಲು ನೋಡುವುದು ಗಿಡವನ್ನಲ್ಲ, ಬಲಗಡೆ ಕೆಳಮೂಲೆಯ ಚೀಟಿಯನ್ನು. ಯಾರು, ಎಂದು, ಎಲ್ಲಿ ಸಂಗ್ರಹಿಸಿದರು ಎಂಬುದೆಲ್ಲ ಅಲ್ಲಿರುತ್ತದೆ. ಒಣಗಿದ ಹೂವಿನ ಬಣ್ಣ ಮಾಸುತ್ತದೆ. ಚೀಟಿಯಲ್ಲಿ ಬರೆದಿಟ್ಟರಷ್ಟೇ ಅದೂ ಉಳಿಯುತ್ತದೆ.

ಕ್ಯಾಲಿಫೋರ್ನಿಯದ ಡೆತ್ ವ್ಯಾಲಿಯಲ್ಲಿ, ಗ್ರೇಪ್‌ವೈನ್ ಬೆಟ್ಟಸಾಲಿನ ಟೈಟಸ್ ಕಣಿವೆ ಮತ್ತು ಅದರ ಆಸುಪಾಸು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಸಿಗದ ಗಿಡವೊಂದಿದೆ: ಹೋಮ್‌ಗ್ರೆನಾಂತೆ ಪೆಟ್ರೊಫೈಲ. ರೂಢಿಯ ಹೆಸರು ರಾಕ್‌ಲೇಡಿ. ಕಡಿದಾದ ಸುಣ್ಣಕಲ್ಲಿನ ಬಿರುಕಿನಲ್ಲಿ ಬೇರೂರಿ, ಅಂಚಿನಲ್ಲಿ ಮುಳ್ಳುಹಲ್ಲುಗಳಿರುವ ಎಲೆಗಳ ನಡುವೆ ತೆಳುಹಳದಿ ಹೂ ಬಿಡುತ್ತದೆ. ಲಾಲ್‌ಬಾಗಿನಲ್ಲಿ ನಾವು ಕಾಣುವ ಸ್ನ್ಯಾಪ್‌ಡ್ರ್ಯಾಗನ್‌ಗೆ ಇದು ದೂರದ ದಾಯಾದಿ.

ಸಸ್ಯವಿಜ್ಞಾನಿ ಫ್ರೆಡರಿಕ್ ಕೋವಿಲ್ 1891ರಲ್ಲೇ ಡೆತ್ ವ್ಯಾಲಿ ಸುತ್ತಿದ್ದರು; ಅಲ್ಲಿನ ಸಸ್ಯಗಳ ಬಗ್ಗೆ ಅವರ ದೊಡ್ಡ ಗ್ರಂಥ 1893ರಲ್ಲಿ ಬಂತು. ಅದರಲ್ಲಿ ಈ ಗಿಡವಿಲ್ಲ. ಕೋವಿಲ್ ಮತ್ತು ಕಾನ್ರಾಡ್ ಮಾರ್ಟನ್ ಇದನ್ನು ಮೌರಾಂಡಿಯ ಪೆಟ್ರೊಫೈಲ ಎಂದು ಹೆಸರಿಸಿದ್ದು 1935ರಲ್ಲಿ. ಅಷ್ಟು ಪಳಗಿದ ಕಣ್ಣಿಗೆ ಇದು ಮೊದಲೇ ಏಕೆ ಬೀಳಲಿಲ್ಲ? 1926ರಲ್ಲಿ ಟೈಟಸ್ ಕಣಿವೆಯಲ್ಲಿ ಲೆಡ್‌ಫೀಲ್ಡ್ ಎಂಬ ಸೀಸದ ಗಣಿಯೂರು ತಲೆಯೆತ್ತಿತು, ಅದಕ್ಕೆಂದು ರಸ್ತೆ ಬಂತು. ಮರುವರ್ಷವೇ ಊರು ಖಾಲಿ. ರಸ್ತೆ ಮಾತ್ರ ಉಳಿಯಿತು. ಸಸ್ಯ ಸಂಗ್ರಾಹಕರಿಗೆ ಬಂಡೆಯ ಬುಡ ಮುಟ್ಟಿಸಿದ್ದು ಆ ರಸ್ತೆಯೇ ಎಂದು ನನ್ನ ಬಲವಾದ ನಂಬಿಕೆ. ಹಾಗಾಗಿ ಒಂದು ಗಿಡದ ಚೀಟಿಗಳಲ್ಲಿ ಮತ್ತೆಮತ್ತೆ ಒಂದೇ ಕಣಿವೆಯ ಹೆಸರು ಬಂದರೆ, ಗಿಡ ಅಲ್ಲಷ್ಟೇ ಇದೆ ಎಂದು ತೀರ್ಮಾನಿಸುವ ಮೊದಲು ರಸ್ತೆ ಎಲ್ಲೆಲ್ಲಿ ಹೋಗುತ್ತದೆಂದು ನೋಡಬೇಕು.

1985ರಲ್ಲಿ ವೇಯ್ನ್ ಎಲಿಸೆನ್ಸ್ ಈ ಗಿಡವನ್ನು ಮೌರಾಂಡಿಯದಿಂದ ಬೇರ್ಪಡಿಸಿ, ಸಸ್ಯವಿಜ್ಞಾನಿ ದಂಪತಿ ನೋಯೆಲ್ ಮತ್ತು ಪೆಟ್ರೀಶಿಯ ಹೋಮ್‌ಗ್ರೆನ್ ಅವರ ಹೆಸರಿನಲ್ಲಿ ಹೊಸ ಕುಲ ಕಟ್ಟಿದರು. ಹೀಗೆ ಹೆಸರು ಬದಲಾದಾಗ ಹಳೆಯ ಚೀಟಿಯನ್ನು ಯಾರೂ ಕಿತ್ತೆಸೆಯುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಸಣ್ಣ ಚೀಟಿ ಅಂಟಿಸಿ, ಹೊಸ ಹೆಸರು, ಗುರುತಿಸಿದವರ ಹೆಸರು, ಇಸವಿ ಬರೆಯುತ್ತಾರೆ. ಉದುರಿದ ಎಲೆ, ಬೀಜಗಳೂ ಹಾಳೆಗಂಟಿದ ಕಾಗದದ ಪೊಟ್ಟಣ ಸೇರುತ್ತವೆ. ಈ ಶಿಸ್ತು ನನಗೆ ತುಂಬ ಇಷ್ಟ. ಕೋವಿಲ್, ಮಾರ್ಟನ್ ದುಡಿದ ವಾಷಿಂಗ್ಟನ್ನಿನ ಹರ್ಬೇರಿಯಂನಲ್ಲೇ ನಮ್ಮ ಹಾಸನ ಜಿಲ್ಲೆಯ ಹಾಳೆಗಳೂ ಇವೆ. ಸೆಸಿಲ್ ಸಲ್ಡಾನ್ಹ ಮತ್ತು ಡ್ಯಾನ್ ನಿಕೋಲ್ಸನ್ ಸಂಪಾದಿಸಿದ, ಆ ಜಿಲ್ಲೆಯ ಸಸ್ಯಗಳ ಕುರಿತ 1976ರ ಗ್ರಂಥಕ್ಕೆ ಅವು ಆಧಾರವಾದವು.

ಅಪರೂಪದ ಗಿಡಗಳ ಹಾಳೆಗಳನ್ನು ಇಂದು ಅಂತರ್ಜಾಲದಲ್ಲಿ ನೋಡಬಹುದಾದರೂ ನಿಖರ ಜಾಗವನ್ನು ಎಷ್ಟೋ ಸಲ ಮರೆಮಾಡಿರುತ್ತಾರೆ. ಕೀಳುವ ಕೈಗಳಿಂದ ಕಾಪಾಡಲು ಅದು ಬೇಕು, ನನ್ನ ತಕರಾರಿಲ್ಲ. ಆದರೆ ಹರ್ಬೇರಿಯಂನೊಳಗಿನ ಮೂಲ ಚೀಟಿಯಲ್ಲಿ ಬಂಡೆ ಯಾವ ದಿಕ್ಕಿಗೆ ಮುಖ ಮಾಡಿದೆ, ಗಿಡ ನೆಲದಿಂದ ಎಷ್ಟೆತ್ತರದಲ್ಲಿದೆ, ಅಕ್ಕಪಕ್ಕ ಇನ್ನೆಷ್ಟು ಗಿಡಗಳಿವೆ ಎಂಬುದನ್ನು ಬರೆದೇ ತೀರಬೇಕು. ಬರೀ ‘ಟೈಟಸ್ ಕಣಿವೆ’ ಎಂದಿದ್ದರೆ, ನೂರು ವರ್ಷದ ಮೇಲೆ ಹುಡುಕಿಕೊಂಡು ಹೋದವರು ಯಾವ ಗೋಡೆಯ ಮುಂದೆ ನಿಲ್ಲಬೇಕು?